ಬಿಳಿ ಕಾರ್ಡಿನಲ್ಲಿ ಸಿಕ್ಕಿಕೊಂಡವರು

ಕೇರಳದಲ್ಲಿ ರೇಷನ್ ಕಾರ್ಡಿನ ಬಣ್ಣವೇ ಮನೆಯ ಸ್ಥಿತಿ ಹೇಳಬೇಕು. ಹಳದಿ ಅಂತ್ಯೋದಯದ್ದು, ಅಂದರೆ ಕಡುಬಡವರದ್ದು, ಮನೆಗೆ ತಿಂಗಳಿಗೆ 35 ಕಿಲೋ ಧಾನ್ಯ. ಗುಲಾಬಿ ಆದ್ಯತಾ ವಿಭಾಗ, ತಲೆಗೆ 5 ಕಿಲೋ. ನೀಲಿ, ಬಿಳಿ ಆದ್ಯತೆಯಿಂದ ಹೊರಗೆ. ಆದರೆ ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಪೈವಳಿಕೆ, ಎಣ್ಮಕಜೆ ಕಡೆ ಬೀಡಿ ಕಟ್ಟಿ ಬದುಕುವ ವಿಧವೆಯ ಕೈಯಲ್ಲೂ ಬಿಳಿ ಕಾರ್ಡು ಇರುವುದುಂಟು.

ಹೀಗಾಗುವುದು ಹೆಚ್ಚಾಗಿ ಹೆಸರು ಕೂಡುಕುಟುಂಬದ ಕಾರ್ಡಿನಲ್ಲೇ ಉಳಿದಿರುವುದರಿಂದ. ಆ ಕಾರ್ಡಿನಲ್ಲಿ ಒಬ್ಬರಿಗೆ ಸರಕಾರಿ ಕೆಲಸವಿದ್ದರೂ ಸಾಕು, ಎಲ್ಲರೂ ಆದ್ಯತೆಯಿಂದ ಹೊರಗೆ. ತಿಂಗಳ ವರಮಾನ 25,000 ರೂಪಾಯಿ ದಾಟಿದರೆ, ಒಂದು ಎಕರೆಗಿಂತ ಹೆಚ್ಚು ಜಾಗ, 1,000 ಚದರಡಿ ಮೀರಿದ ಮನೆ, ಸ್ವಂತಕ್ಕೆ ಕಾರು ಇದ್ದರೂ ಹಾಗೆಯೇ. ಏನೂ ಬೆಳೆಯದ ಮುರಕಲ್ಲಿನ ಪಾದೆಯೂ ಈ ಲೆಕ್ಕದಲ್ಲಿ ಎಕರೆಯೇ. ನನಗೆ ಇದು ಅನ್ಯಾಯವೆಂದೇ ಕಾಣುತ್ತದೆ.

ಬೇರೆ ವಾಸವಿರುವವರು ಮೊದಲು ಹಳೇ ಕಾರ್ಡಿನಿಂದ ಹೆಸರು ತೆಗೆಸಿ ಹೊಸದಕ್ಕೆ ಅರ್ಜಿ ಹಾಕಬೇಕು. ಬರುವುದು ಬಿಳಿಯೇ, ಅಲ್ಲಿಗೆ ಕೆಲಸ ಮುಗಿಯಿತೆಂದು ಸುಮ್ಮನಾಗಬಾರದು. ಆದ್ಯತೆಗೆ ಅರ್ಜಿ ಕರೆದಾಗ, ಸರಕಾರಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಇನ್ನೊಂದು ಅರ್ಜಿ ಕೊಡಬೇಕು. ಬಿಪಿಎಲ್ ಪಟ್ಟಿಗೆ ಅರ್ಹರೆಂಬ ಪಂಚಾಯತಿನ ಪತ್ರ, ದೊಡ್ಡ ಕಾಯಿಲೆ ಇದ್ದರೆ ಆಸ್ಪತ್ರೆಯ ದಾಖಲೆ, ಅಂಗವೈಕಲ್ಯದ ಪ್ರಮಾಣಪತ್ರ, ಎಲ್ಲವನ್ನೂ ಆಗಲೇ ಸೇರಿಸಿ. ಕಷ್ಟವನ್ನು ಬಾಯಲ್ಲಿ ಹೇಳಿದರೆ ಅರ್ಜಿಗೆ ಬಲ ಬರುವುದಿಲ್ಲ.

ಕಾರ್ಡು ಸಿಕ್ಕ ಮೇಲೂ ಕೈತಪ್ಪುತ್ತದೆ. ಮೂರು ತಿಂಗಳು ಸತತ ಅಕ್ಕಿ ತರದಿದ್ದರೆ ಆದ್ಯತೆಯಿಂದ ತೆಗೆಯುತ್ತಾರೆ. ಹಾಸಿಗೆ ಹಿಡಿದವರಿದ್ದರೆ ಅಂಗಡಿಯವರಿಗೆ ಮೊದಲೇ ತಿಳಿಸಿ. ಮಸ್ಟರಿಂಗ್, ಅಂದರೆ ಕಾರ್ಡಿನಲ್ಲಿರುವವರ ಗುರುತನ್ನು ಆಧಾರಿನೊಂದಿಗೆ ತಾಳೆ ನೋಡುವಾಗ, ಬೀಡಿ ಕಟ್ಟಿ, ಅಡಿಕೆ ಸುಲಿದು ಸವೆದ ಬೆರಳಿನ ಗುರುತು ಕೆಲವೊಮ್ಮೆ ಮಿಷನ್‌ಗೆ ಸಿಗುವುದಿಲ್ಲ. ಹಾಗೆಂದು ವಾಪಸು ಬರಬೇಡಿ, ಕಣ್ಣಿನ ಸ್ಕ್ಯಾನರ್ ಇಲ್ಲವೇ ಮುಖ ತೋರಿಸುವ ಆ್ಯಪ್ ಬಗ್ಗೆ ಕೇಳಿ. ನಮ್ಮ ಕನ್ನಡದವರ ಇನ್ನೊಂದು ತೊಡಕು ಹೆಸರಿನದು: ಆಧಾರಿನಲ್ಲಿ ‘ನಾರಾಯಣ’, ಮಲಯಾಳದಲ್ಲಿ ಬರೆದ ಕಾರ್ಡಿನಲ್ಲಿ ‘ನಾರಾಯಣನ್’. ಮೊದಲು ಅದನ್ನು ಸರಿಮಾಡಿಸಿ.

ರಾಜ್ಯಕ್ಕೆ ಸಿಕ್ಕಿರುವ ಆದ್ಯತೆಯ ಮಿತಿ ಸುಮಾರು 1.54 ಕೋಟಿ ಜನ. ಕಾರಿಟ್ಟುಕೊಂಡೂ ಗುಲಾಬಿ ಕಾರ್ಡು ಹಿಡಿದವರು ಬಿಟ್ಟುಕೊಟ್ಟರೆ ಬಿಳಿ ಕಾರ್ಡಿನ ಬಡವರಿಗೆ ಜಾಗ ಆಗುತ್ತದೆ. ನಿಮ್ಮ ಮನೆಯದ್ದು ಹಾಗಿದ್ದರೆ, ತಪಾಸಣೆಗೆ ಬರುವವರೆಗೆ ಕಾಯದೆ ತಾಲೂಕು ಸಪ್ಲೈ ಆಫೀಸಿಗೆ ನೀವೇ ಬರೆದುಕೊಡಿ.