ಅಪ್ಪನ ಈಸ್ಟರ್

ಏಪ್ರಿಲ್ 21, 2025, ಸೋಮವಾರ
ಕುಂಬಳೆ, ಕಾಸರಗೋಡು

ಈ ಸಲ ಈಸ್ಟರ್ ತಡ. ನಮ್ಮ ಕಡೆಯ ಹೊಸ ವರ್ಷದ ಹಬ್ಬ ಬಿಸು ಕಳೆದು ಆಗಲೇ ವಾರವಾಗಿತ್ತು. ಹೋದ ವರ್ಷ ಮಾರ್ಚ್ 31ಕ್ಕೇ ಹಬ್ಬ ಮುಗಿದಿತ್ತು. ಮಾರ್ಚ್ 21ಕ್ಕೋ ಅದರ ನಂತರವೋ ಬರುವ ಹುಣ್ಣಿಮೆ, ಅದು ಕಳೆದ ಮೇಲಿನ ಭಾನುವಾರ ಎಂಬುದು ಲೆಕ್ಕ. ಎಲ್ಲರೂ ಒಂದೇ ಭಾನುವಾರ ಆಚರಿಸಬೇಕೆಂದು ನಿಸೇಯ ಊರಿನಲ್ಲಿ ಸೇರಿದ ಬಿಷಪರ ಮಹಾಸಭೆ 325ರಲ್ಲಿ ತೀರ್ಮಾನಿಸಿ ಈಗ 1700 ವರ್ಷ. ನಮ್ಮ ಮನೆಯ ಮಟ್ಟಿಗೆ ತಡವಾದದ್ದೇ ಒಳ್ಳೆಯದಾಯಿತು. ಬೇಗ ಬಂದಿದ್ದರೆ ಅಪ್ಪ ಮಂಗಳೂರಿನ ಆಸ್ಪತ್ರೆಯಲ್ಲೇ ಇರುತ್ತಿದ್ದರು.

ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಕಳೆದ ಸ್ವಲ್ಪ ದಿನಕ್ಕೆ ಅವರಿಗೆ ಸ್ಟ್ರೋಕ್ ಆಯಿತು. ಈಗ ಮಾತು ತೊದಲು, ಎಡಗೈಗೆ ಬಲವಿಲ್ಲ. ತಪಸ್ಸುಕಾಲ ಪೂರ್ತಿ ಬಾಯಿ ಜಪ ಹೇಳುತ್ತಿತ್ತು, ಮನಸ್ಸು ಮಾತ್ರೆ ಎಣಿಸುತ್ತಿತ್ತು. ನಡುವೆ ಒಮ್ಮೆ ಬೇಳಕ್ಕೆ ಹೋಗಿ ಕೂತು ಬಂದೆ. 1890ರ ಇಗರ್ಜಿ, ವ್ಯಾಕುಲ ಮಾತೆಯದ್ದು. ಶಿಲುಬೆಯ ಬುಡದಲ್ಲಿ ಏನೂ ಮಾಡಲಾಗದೆ ನಿಂತ ತಾಯಿ ಅವಳು. ಅವಳ ಹತ್ತಿರ ಹೇಳಿಕೊಳ್ಳುವುದು ಸುಲಭ. "ಎಲ್ಲ ಸರಿಹೋಗುತ್ತದೆ" ಅಂತ ಬೆನ್ನು ತಟ್ಟುವ ನೆಂಟರ ಹಾಗಲ್ಲ.

ಶನಿವಾರ ರಾತ್ರಿ ಇಗರ್ಜಿಯ ಅಂಗಳದಲ್ಲಿ ದೀಪ ಆರಿಸಿ, ಗೆರಟೆ, ಒಣ ಮಡಲು ಒಟ್ಟಿ ಹೊಸ ಬೆಂಕಿ ಹಾಕಿದರು. ಅಪ್ಪನ ಗಾಲಿಕುರ್ಚಿಗೆಂದು ಎದುರಿನಲ್ಲೇ ಜಾಗ ಬಿಟ್ಟಿದ್ದರಿಂದ ಫಾದರ್ ಕೈ ಚೆನ್ನಾಗಿ ಕಾಣುತ್ತಿತ್ತು. ದೊಡ್ಡ ಮೇಣದಬತ್ತಿಯ ಮೇಲೆ ಶಿಲುಬೆ ಗೀರಿ, ಮೇಲೆ ಆಲ್ಫಾ, ಕೆಳಗೆ ಒಮೆಗಾ, ನಾಲ್ಕು ಮೂಲೆಗೆ 2, 0, 2, 5. ಆಮೇಲೆ ಧೂಪದ ಐದು ಕಾಳು ಚುಚ್ಚಬೇಕು, ಕ್ರಿಸ್ತನ ಐದು ಗಾಯಗಳಿಗೆ. ಕೆಂಪು ಮೇಣದ ಮೊಳೆಯ ಹಾಗಿರುತ್ತದೆ. ನಾಲ್ಕು ಕೂತವು. ಐದನೆಯದು ಎಷ್ಟು ಒತ್ತಿದರೂ ಜಾರಿ ಬೀಳುತ್ತಿತ್ತು. ಟಾರ್ಚ್ ಹಾಕಲು ಮೊಬೈಲ್ ತೆಗೆದ ಪೂಜೆಯ ಹುಡುಗ ಬೈಸಿಕೊಂಡ. ಕೊನೆಗೆ ಮೊಳೆಯನ್ನು ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ ಕೂರಿಸಿದರು.

ವರ್ಷವೂ ನೋಡಿದ್ದೇ. ಈ ಸಲ ಮಾತ್ರ ಹೊಳೆಯಿತು: ಬತ್ತಿ ಹಚ್ಚುವ ಮೊದಲೇ ಗಾಯ ಚುಚ್ಚುತ್ತಾರೆ. ಯೊವಾನ್ನನ ಶುಭಸಂದೇಶದಲ್ಲಿ ಎದ್ದು ಬಂದ ಯೇಸು ಶಿಷ್ಯ ತೋಮನಿಗೆ ತೋರಿಸುವುದೂ ಮೊಳೆ ಹೊಡೆದ ಅದೇ ಕೈ. ಸಾವನ್ನೇ ಗೆದ್ದವನಿಗೆ ಆ ತೂತು ಮುಚ್ಚಿಕೊಳ್ಳುವುದು ಕಷ್ಟವಿತ್ತೇ? ಮುಚ್ಚಿಕೊಳ್ಳಲಿಲ್ಲ. ಅಂದಮೇಲೆ ಅಪ್ಪನ ಕೈ ಮೊದಲಿನಂತಾಗುವವರೆಗೆ ಹಬ್ಬವನ್ನು ಮುಂದೆ ಹಾಕಬೇಕಿಲ್ಲ ಅನ್ನಿಸಿ, ತುಂಬ ದಿನದ ಮೇಲೆ ಉಸಿರು ಸಲೀಸಾಯಿತು.

ಗ್ಲೋರಿಯಾ ಎಂಬ ಸ್ತುತಿಗೀತೆಗೆ ಗಂಟೆ ಹೊಡೆದರು. ಗುರುವಾರದಿಂದ ಮೌನವಾಗಿದ್ದ ಗಂಟೆ. ಇಷ್ಟು ಕಾಲ ಅದರ ಹಗ್ಗ ಎಳೆಯುತ್ತಿದ್ದದ್ದು ಅಪ್ಪ. ಕಣ್ಣೀರು ಹಾಕುತ್ತಾರೇನೋ ಎಂದು ನೋಡಿದರೆ, "ಹಗ್ಗ ಬಿಡುವುದು ಗೊತ್ತಿಲ್ಲ ಆ ಮಾಣಿಗೆ" ಎಂದು ಮುಖ ಸಿಂಡರಿಸಿದರು. ಜ್ಞಾನಸ್ನಾನದ ಪ್ರತಿಜ್ಞೆ ಹೇಳುವಾಗ ಅವರ ಬಲಗೈಯ ಬತ್ತಿ ವಾಲಿ ಎಡಗೈ ಮೇಲೆ ಬಿಸಿ ಮೇಣ ಬಿತ್ತು. "ಅಯ್ಯೋ, ಸುಟ್ಟಿತು!" ಪವಾಡ ಅಂತ ಬರೆದುಬಿಡಲು ಆಸೆ. ಆದರೆ ಆ ಕೈಗೆ ಸ್ಪರ್ಶ ಗೊತ್ತಾಗುತ್ತದೆ, ಬಲ ಮಾತ್ರ ಇಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಸುಟ್ಟ ಜಾಗಕ್ಕೆ ತಣ್ಣೀರು ಹಾಕಿ ಒರೆಸಿದೆ.

ನಿನ್ನೆ ಸನ್ನಾಂ, ಕೋಳಿ ಸಾರು. ನೆರೆಯ ಮೂರು ಮನೆಗೂ ಹೋಯಿತು. ಮೂರೂವರೆಗೆ ಟಿವಿಯಲ್ಲಿ ರೋಮ್. ಪೋಪ್ ಫ್ರಾನ್ಸಿಸ್ ಗಾಲಿಕುರ್ಚಿಯಲ್ಲಿ ಬಾಲ್ಕನಿಗೆ ಬಂದರು. ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ ಆಗಿ 38 ದಿನ ಆಸ್ಪತ್ರೆಯಲ್ಲಿದ್ದವರು. ಹಬ್ಬದ ಶುಭಾಶಯ ಹೇಳುವಷ್ಟೇ ದನಿ; ಸಂದೇಶವನ್ನು ಬೇರೆಯವರು ಓದಿದರು. ಭರವಸೆಯ ಯಾತ್ರಿಕರು ಎಂದು ಸಭೆಯ ಪವಿತ್ರ ವರ್ಷವಾದ ಈ ಜೂಬಿಲಿ ವರ್ಷಕ್ಕೆ ಹೆಸರಿಟ್ಟವರೂ ಅವರೇ. ಅಪ್ಪ ಅವರ ಮುಖಕ್ಕಿಂತ ಕುರ್ಚಿಯನ್ನೇ ಹೆಚ್ಚು ನೋಡಿದರು.

ಇವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಸುದ್ದಿ ಬಂತು, ಪೋಪ್ ತೀರಿಹೋದರು. 88 ವರ್ಷ. ಅಪ್ಪನಿಗೆ ಹೇಗೆ ಹೇಳುವುದೆಂದು ನಾನು ಬಾಗಿಲಲ್ಲೇ ತಡವರಿಸುತ್ತಿದ್ದರೆ, ಅವರಾಗಲೇ ಮೊಬೈಲಿನಲ್ಲಿ ನೋಡಿಯಾಗಿತ್ತು.

"ಹಬ್ಬ ಮುಗಿಸಿಯೇ ಹೋದರಲ್ಲ ಮಾರಾಯ್ತಿ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಮಾಣಿಗೆ ಫೋನ್ ಹಚ್ಚು. ಮರಣದ ಗಂಟೆ ಬೇರೆ, ಅವನು ಮೊನ್ನೆಯ ಹಾಗೆ ಗಲಗಲ ಬಾರಿಸಿಯಾನು."

ಸ್ಪೀಕರಿಗೆ ಹಾಕಿಕೊಟ್ಟೆ. ಅಪ್ಪ ಬಲಗೈ ಬೆರಳಿನಿಂದ ಮೇಜಿನ ಮೇಲೆ ಕುಟ್ಟಿ ತೋರಿಸಿದರು: ಒಂದು ಏಟು, ಬಿಡುವು, ಮತ್ತೊಂದು. ಆ ಕಡೆಯಿಂದ ಹುಡುಗ ತನ್ನ ಮನೆಯ ಯಾವುದೋ ಪಾತ್ರೆಗೆ ಬಡಿದು, "ಹೀಗಾ ಅಂಕಲ್?" ಎಂದು ಕೇಳಿದ.

"ಅವಸರ ಮಾಡಬೇಡ," ಎಂದರು ಅಪ್ಪ. "ಇನ್ನೊಮ್ಮೆ ಬಡಿ."