ಬೆರಳು ಮಡಚದ ಬೆಳಗಿಗೆ ಉದ್ದದ ಉಸಿರು

ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ಸುಮ್ನೆ ವಾಯು ಅಂದುಕೊಂಡು ಎಣ್ಣೆ ಬಾಟಲಿ ತಂದುಕೊಡುವವರು ನಮ್ಮ ಬೀದಿಯಲ್ಲಿ ಬೇಕಾದಷ್ಟು ಜನ. ಆದರೆ ಇದು ವಯಸ್ಸಾಗಿ ಮಂಡಿ ಸವೆಯುವ ನೋವಲ್ಲ. ರೋಗದಿಂದ ಕಾಯಬೇಕಾದ ದೇಹದ ಶಕ್ತಿಯೇ ತಿರುಗಿಬಿದ್ದು ಕೀಲಿನ ಒಳಪೊರೆಗೆ ಹಾನಿ ಮಾಡುತ್ತದೆ. ಬೆರಳು, ಮಣಿಕಟ್ಟು, ಪಾದದ ಕೀಲುಗಳು ಊದುತ್ತವೆ.

ಬೆಳಗಿನ ಹೊತ್ತೇ ಜಾಸ್ತಿ ಕಷ್ಟ. ಎದ್ದು ಒಂದು ಗಂಟೆಯಾದರೂ ಬೆರಳು ಮಡಚಲು ಬರುವುದಿಲ್ಲ. ಹಾಲಿನ ಪ್ಯಾಕೆಟ್ ಕತ್ತರಿಸಲಾಗದು, ಕುಕ್ಕರ್ ಮುಚ್ಚಳದ ಮಾತಂತೂ ಬೇಡ. ಅತ್ತ ಮಗನ ಊಟದ ಡಬ್ಬಿಗೆ ಹೊತ್ತಾಗುತ್ತಿರುತ್ತದೆ. ಆ ಗಾಬರಿಯಲ್ಲಿ ಹಲ್ಲು ಕಚ್ಚಿಕೊಂಡಿರುತ್ತೇನೆ, ಕತ್ತು ಭುಜ ಎಲ್ಲ ಸೆಟೆದಿರುತ್ತವೆ. ಕೀಲಿನ ನೋವಿನ ಜೊತೆಗೆ ಈ ಬಿಗಿತದ ನೋವೂ ಸೇರುತ್ತದೆ. ಉದ್ದದ ಉಸಿರಾಟದ ಅಭ್ಯಾಸದಿಂದ ನನಗೆ ಇಳಿಯುವುದು ಈ ಎರಡನೆಯದು ಮಾತ್ರ. ಕೀಲಿನ ಬಾವು ಅದರ ಪಾಡಿಗೆ ಇರುತ್ತದೆ.

ಹಾಸಿಗೆಯಲ್ಲೇ ಮಲಗಿ ಮಾಡುತ್ತೇನೆ. ಮಂಡಿ ಕೆಳಗೊಂದು ದಿಂಬು, ಹೊಟ್ಟೆ ಮೇಲೆ ಅಂಗೈ. ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ತೆಗೆದುಕೊಂಡು, ಆರು ಎಣಿಸುವಷ್ಟು ನಿಧಾನಕ್ಕೆ ಬಿಡುವುದು. ಅಂದರೆ ನಿಮಿಷಕ್ಕೆ ಸುಮಾರು 6 ಉಸಿರು. ಸುಮ್ಮನೆ ಕೂತಾಗ ದೊಡ್ಡವರ ಉಸಿರಾಟ ನಿಮಿಷಕ್ಕೆ 12ರಿಂದ 20 ಇರುತ್ತದೆ. ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದ ಇರಬೇಕು. ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಇಳಿದುಬರುವ ವೇಗಸ್ ನರದ ಹಿಡಿತ ಹೆಚ್ಚಿ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ. ಜೋರಾಗಿ ಎಳೆದುಕೊಳ್ಳುತ್ತಾ ಹೋದರೆ ತಲೆ ಸುತ್ತುತ್ತದೆ, ಅಷ್ಟೇ ಲಾಭ.

ಆಮೇಲೆ ಮೈ ಸಡಿಲ ಬಿಡುವುದು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಇದರ ಬಗ್ಗೆ 1929ರಲ್ಲೇ ಪುಸ್ತಕ ಬರೆದಿದ್ದರು. ಈಗ ಎಲ್ಲರೂ ಹೇಳಿಕೊಡುವುದು ಒಂದೊಂದೇ ಸ್ನಾಯುವನ್ನು ಬಿಗಿಮಾಡಿ, ಆಮೇಲೆ ಸಡಿಲ ಬಿಡಿ ಅಂತ. ಆದರೆ ಊದಿದ ಬೆರಳನ್ನು ಮುಷ್ಟಿ ಕಟ್ಟಿ ಅಂದರೆ ಹೇಗೆ? ಪ್ರಾಣ ಹೋಗುತ್ತದೆ. ನಾನು ಕೈ ಮತ್ತು ಪಾದದ ವಿಷಯದಲ್ಲಿ ಬಿಗಿಮಾಡುವ ಭಾಗವನ್ನೇ ಬಿಟ್ಟಿದ್ದೇನೆ. ಉಸಿರು ಬಿಡುತ್ತಾ ಅಲ್ಲಿಗೆ ಗಮನ ಕೊಟ್ಟು ಸಡಿಲಿಸುತ್ತೇನೆ. ಹಣೆ, ಭುಜಕ್ಕೆ ಮಾತ್ರ ಪೂರ್ತಿ ವಿಧಾನ. ದವಡೆ ಸಡಿಲವಾದರೆ ಅರ್ಧ ಕೆಲಸ ಆದಂತೆ.

ಒಂದು ವಿಷಯಕ್ಕೆ ಮಾತ್ರ ನನಗೆ ರೇಗುತ್ತದೆ. ‘ಪ್ರಾಣಾಯಾಮ ಮಾಡ್ತೀಯಲ್ಲ, ಇನ್ನು ಆ ಇಂಗ್ಲಿಷ್ ಮಾತ್ರೆ ಯಾಕಮ್ಮಾ?’ ಅಂತಾರೆ ಪಕ್ಕದ ಮನೆ ಆಂಟಿ. ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ನನ್ನ ಕೀಲು ಸೊಟ್ಟಗಾಗದಂತೆ ತಡೆಯಲು ಇರುವುದು. ಆ ಕೆಲಸ ಉಸಿರಾಟದಿಂದ ಆಗುವಂಥದ್ದಲ್ಲ. ಲಿವರ್ ಹೇಗಿದೆ ಅಂತ ಆಗಾಗ ರಕ್ತ ಪರೀಕ್ಷೆ ಮಾಡಿಸುವುದೂ ತಪ್ಪುವುದಿಲ್ಲ. ಲ್ಯಾಬಿನಲ್ಲಿ ಸೂಜಿ ಚುಚ್ಚುವಾಗ ಮಾತ್ರ ಉದ್ದದ ಉಸಿರು ತುಂಬಾ ಉಪಯೋಗಕ್ಕೆ ಬರುತ್ತದೆ, ಅಷ್ಟು ನಿಜ.

ಮಾತ್ರೆ ನುಂಗಿದ ಮರುದಿನ ಹೊಟ್ಟೆ ತೊಳಸುತ್ತದೆ. ಎಣಿಸುವುದೂ ಬೇಡ ಅನಿಸುತ್ತದೆ. ಅವತ್ತು ಇದ್ಯಾವುದನ್ನೂ ಮಾಡುವುದಿಲ್ಲ. ಬೆಳಗಿನ ತಿಂಡಿಗೆ ಬ್ರೆಡ್ ಅಂತ ಮನೆಯವರಿಗೆಲ್ಲ ಹಿಂದಿನ ರಾತ್ರಿಯೇ ಹೇಳಿಬಿಟ್ಟಿರುತ್ತೇನೆ.