ಬ್ಯಾಡಗಿ ಮೆಣಸಿನಕಾಯಿ, ಮಟನ್ ಸಾರು ಮತ್ತು ಕೆಂಪು ವೈನ್
ಹುಬ್ಬಳ್ಳಿಯಲ್ಲಿ ಮಟನ್ ಅಂದರೆ ಸಾವಜಿ ಸಮಾಜದವರ ಕಡುಖಾರದ ಅಡುಗೆ. ಆದರೆ ಆ ಖಾರದ ಮುಂದೆ ಒಳ್ಳೆಯ ಕೆಂಪು ವೈನ್ ನಿಲ್ಲುವುದಿಲ್ಲ. ಖಾರ ತಿಂದ ನಾಲಿಗೆಗೆ ವೈನಿನ ಒಗರು, ಉರಿ ಎರಡೂ ಜಾಸ್ತಿ ತಾಗುತ್ತವೆ. ಹಣ್ಣಿನ ರುಚಿ ಎಲ್ಲೋ ಅಡಗಿಬಿಡುತ್ತದೆ. ಅದಕ್ಕೇ ಹೋದ ಬೇಸಿಗೆಯಲ್ಲಿ ಅಕ್ಕನ ಮಗ ಬೆಂಗಳೂರಿನಿಂದ ಒಂದು ಬಾಟಲಿ ತರುತ್ತೇನೆ ಎಂದಾಗ, ಅವತ್ತಿನ ಸಾರಿಗೆ ಬರೀ ಬ್ಯಾಡಗಿ ಮೆಣಸಿನಕಾಯಿ ಸಾಕು ಅಂತ ನಾನೂ ಹೆಂಡತಿಯೂ ಮೊದಲೇ ಗೊತ್ತು ಮಾಡಿದೆವು.

ಹುಡುಗ ವೈನ್ ತಯಾರಿಕೆ ಕಲಿತವನು. ತಂದದ್ದು ನಂದಿ ಬೆಟ್ಟದ ಕಡೆಯ ಗ್ರೋವರ್ ಅವರ ಲಾ ರಿಸರ್ವ್. ಕ್ಯಾಬರ್ನೆ ಸೋವಿನ್ಯೋ, ಶಿರಾಜ್ ದ್ರಾಕ್ಷಿ ಸೇರಿಸಿ ಮಾಡಿ, ಓಕ್ ಪೀಪಾಯಿಯಲ್ಲಿ ಹದಕ್ಕೆ ಇಟ್ಟದ್ದು.

ಹೆಂಡತಿ ಮೆಣಸಿನಕಾಯಿ ಹುರಿಯುತ್ತಿದ್ದಳು. ಮೈಯೆಲ್ಲ ಸುಕ್ಕು, ಬಣ್ಣ ಕಡುಗೆಂಪು, ಖಾರ ಕಡಿಮೆ. ಘಮಕ್ಕೆ ಇವನು ಅಡುಗೆಮನೆಗೇ ಬಂದ. "ಅತ್ತಿ, ವೈನಿಗೂ ಬಣ್ಣ ಸಿಪ್ಪೀದಿಂದನ ಬರ್ತದ ನೋಡ್ರಿ" ಎಂದ. ಈ ಕಪ್ಪು ದ್ರಾಕ್ಷಿಯ ರಸಕ್ಕೆ ಬಣ್ಣ ಅಷ್ಟಕ್ಕಷ್ಟೇ. ಹಣ್ಣು ಒಡೆದು ಸಿಪ್ಪೆ, ಬೀಜದ ಸಮೇತ ತೊಟ್ಟಿಗೆ ಹಾಕುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ, ಗ್ಯಾಸ್ ಬಿಡುತ್ತದೆ. ಆ ಗ್ಯಾಸಿಗೆ ಸಿಪ್ಪೆಯೆಲ್ಲ ಮೇಲೆದ್ದು ದಪ್ಪಗೆ ಕೆನೆಗಟ್ಟುತ್ತದೆ. ಅದನ್ನು ದಿನವೂ ಮತ್ತೆ ಮತ್ತೆ ರಸದೊಳಗೆ ಅದುಮಬೇಕು. ಬಿಟ್ಟರೆ ಒಣಗಿ ಹುಳಿ ಹಿಡಿಯುತ್ತದೆ. ಬಣ್ಣ, ಒಗರು ಇಳಿಯುವುದು ಆಗಲೇ. ಎಲ್ಲರೂ ಪೀಪಾಯಿಯನ್ನೇ ಹೊಗಳುತ್ತಾರೆ. ನನಗಂತೂ ಈ ಅದುಮುವ ಕೆಲಸವೇ ದೊಡ್ಡದು. ಸಿಪ್ಪೆಯಿಂದ ಬಾರದ್ದನ್ನು ಪೀಪಾಯಿ ಎಲ್ಲಿಂದ ತರಬೇಕು?

ಕೆಂಪು ವೈನಿಗೆ 16ರಿಂದ 18 ಡಿಗ್ರಿ ಹಿತ. ನಮ್ಮ ಮನೆಯ ಸೆಕೆಗೆ ಬಾಟಲಿ ಬೆಚ್ಚಗಾಗಿತ್ತು. ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು, ಆಮೇಲೆ ಗಾಜಿನ ಹೂಜಿಗೆ ಸುರಿದ. "ಮಾಮಾ, ಅರ್ಧಾ ತಾಸು ಗಾಳಿ ಆಡ್ಲಿ ತಡೀರಿ."

ಮೊದಲು ಬರೀ ವೈನ್ ಕುಡಿದೆ. ಕಪ್ಪು ಹಣ್ಣಿನ ವಾಸನೆ, ಹಿಂದೆಯೇ ಕರಿಮೆಣಸು, ಪೀಪಾಯಿಯಿಂದ ಬಂದ ತುಸು ವೆನಿಲಾ. ನುಂಗಿದ ಮೇಲೆ ನೇರಳೆ ಹಣ್ಣು ತಿಂದ ಹಾಗೆ ನಾಲಿಗೆ, ಒಸಡು ಬಿಗಿದವು. ಸಿಪ್ಪೆ, ಬೀಜದಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ಉಗುಳಿನ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ಹೀಗಾಗುತ್ತದೆ. ಆಮೇಲೆ ಬಿಸಿ ಜೋಳದ ರೊಟ್ಟಿ ಮುರಿದು, ಎಲುಬಿಗೆ ಅಂಟಿದ ಕೊಬ್ಬಿನ ತುಂಡನ್ನು ಸಾರಿನ ಜೊತೆ ಬಾಯಿಗಿಟ್ಟು, ಇನ್ನೊಂದು ಗುಟುಕು ಕುಡಿದೆ. ಅದೇ ವೈನ್, ಒಗರು ಮೆತ್ತಗಾಗಿತ್ತು! ಟ್ಯಾನಿನ್‌ಗೆ ಈಗ ಮಾಂಸ, ಕೊಬ್ಬು ಸಿಕ್ಕಿತ್ತು ಅಲ್ವಾ. ಹಣ್ಣಿನ ರುಚಿ ಮುಂದೆ ಬಂತು. ಬ್ಯಾಡಗಿ ನಾಲಿಗೆಯನ್ನು ಸುಡದೆ ಬಿಟ್ಟಿದ್ದರಿಂದಲೇ ಇದೆಲ್ಲ ಗೊತ್ತಾಯಿತು.

ಬದನೆಕಾಯಿ ಎಣ್ಣೆಗಾಯಿಯ ಜೊತೆಗೂ ನೋಡಿದೆವು. ಶೇಂಗಾ, ಎಳ್ಳಿನ ಜಿಡ್ಡು ವೈನಿಗೆ ಒಗ್ಗಿತು. ಆದರೆ ಬೆಲ್ಲ ತುಸು ಮುಂದಿತ್ತು. ಸಿಹಿ ತಿಂದ ಬಾಯಿಗೆ ವೈನ್ ಹುಳಿ ಹುಳಿ ಎನಿಸಿತು. ಹೆಂಡತಿ ಇನ್ನೊಂದು ಗುಟುಕು ಕುಡಿದು ನೋಡಿ, "ಮುಂದಿನ ಸಲ ಬೆಲ್ಲ ಬ್ಯಾಡ, ಗುರೆಳ್ಳ ಪುಡಿ ಹಾಕ್ತೀನಿ" ಎಂದಳು.